ಛತ್ರಿ ಸಿಪಾಯಿಗಳು ಇಳಿದ ಬೇಸಿಗೆ

ಹೋದ ತಿಂಗಳು ತಂಗಿಯ ಮೊಮ್ಮಗಳ ತೊಟ್ಟಿಲಿಗೆಂದು ಜಹೀರಾಬಾದಿನಿಂದ ನ್ಯಾಲ್ಕಲ್ ಕಡೆಗೆ ಆಟೋದಲ್ಲಿ ಹೊರಟಿದ್ದೆ. ದಾರಿಯ ಬದಿಯ ಹೊಲದಲ್ಲಿ ಕಡಲೆ ಕಿತ್ತು ಗುಡ್ಡೆ ಹಾಕಿದ್ದರು. ಬಿಸಿಲಿಗೆ ಒಣಗುವ ಕಡಲೆ ಗಿಡದ ಹುಳಿ ವಾಸನೆ ಆಟೋದೊಳಗೆ ನುಗ್ಗಿತು. ನಾನು ತಡೆಯಲಾರದೆ ತಲೆ ಹೊರಗೆ ಹಾಕಿ ಆಕಾಶ ನೋಡಿದೆ.

"ಏನ್ ನೋಡ್ತಿ ಅವ್ವಾ?" ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು.

"ಸಿಪಾಯಿಗಳು ಇಳಿಲಾಕತ್ತಾರೇನಂತ ನೋಡ್ದೆ" ಎಂದೆ. ಅವಳು ನಕ್ಕಳು. ವಯಸ್ಸಾದವರ ಮಾತು ಅಂದುಕೊಂಡಿರಬೇಕು. ಆದರೆ ನಾನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕಡಲೆ ಕಿತ್ತ ಹೊಲಗಳ ಮೇಲೆ ಸಿಪಾಯಿಗಳು ಆಕಾಶದಿಂದ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ನಿಜಾಮರ ಕಾಲ. ಜರ್ಮನಿ, ಜಪಾನಿನ ಜೊತೆ ನಡೆದ ದೊಡ್ಡ ಯುದ್ಧದ ಕೊನೆಯ ವರ್ಷ. ನಾನು ನಾರಾಯಣಖೇಡದ ಹತ್ತಿರದ ತವರಿನಿಂದ ಜಹೀರಾಬಾದಿನ ಬದಿಯ ಈ ಊರಿಗೆ ಸೊಸೆಯಾಗಿ ಬಂದು ಒಂದು ಸುಗ್ಗಿ ಕಳೆದಿತ್ತು. ಮಾವನವರು ಊರಿನ ಕಂದಾಯ ನೋಡುವ ಮಾಲಿಪಾಟೀಲರು. ನನ್ನ ಗಂಡ ತಾಂಡೂರಿನ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಬ್ಬಕ್ಕೋ ಹುಣ್ಣಿಮೆಗೋ ಬರುವರು. ಮನೆಯಲ್ಲಿ ನಿಜವಾದ ಯಜಮಾನಿಕೆ ಅತ್ತೆ ಗುರುಬಸವ್ವನದು. ಎತ್ತರದ ಹೆಂಗಸು. ಅಂಗಳದಲ್ಲಿ ನಿಂತು ಕೂಗಿದರೆ ಹೊಲದ ಎತ್ತುಗಳೂ ತಿರುಗಿ ನೋಡುತ್ತಿದ್ದವು.

ಬೀದರದ ವಿಮಾನದ ಮೈದಾನದಿಂದ ಹಾರುವ ವಿಮಾನಗಳು ನಮಗೆ ಹೊಸವೇನಲ್ಲ. ಆದರೆ ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಒಂದು ಜೀಪು ನೇರ ನಮ್ಮ ಮನೆಯ ಮುಂದೆ ಬಂದು ನಿಂತಿತು. ಅದರಿಂದ ಪಂಜಾಬಿನ ಒಬ್ಬ ಎಳೆಯ ಕ್ಯಾಪ್ಟನ್ ಇಳಿದರು. ಅವರ ಹಿಂದೆ, ತಲೆಗೆ ಕೆಂಗಂದು ಬಣ್ಣದ ಟೋಪಿ ಇಟ್ಟು, ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಹೊಲಿಸಿಕೊಂಡಿದ್ದ ಹವಾಲ್ದಾರನೊಬ್ಬ ಇಳಿದ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಅವನನ್ನು ಒಂದು ಗಳಿಗೆ ಗುರುತು ಹಿಡಿಯಲಿಲ್ಲ.

"ಏ, ಇವ ನಮ್ಮ ಲಕ್ಷ್ಮವ್ವನ ಮಾಣಿಕ ಅಲ್ಲೇನು?" ಎಂದರು ಯಾರೋ.

ಹೌದು, ಅವನೇ. ಊರ ಹೊರಗಿನ ಕೇರಿಯ ಲಕ್ಷ್ಮವ್ವನ ಒಬ್ಬನೇ ಮಗ. ಸಿಕಂದರಾಬಾದಿಗೆ ಕುದುರೆ ಲಾಯದ ಕೆಲಸಕ್ಕೆಂದು ಹೋದವನು ಅಲ್ಲಿಂದ ಪಲ್ಟನ್ ಸೇರಿದ್ದ. ಪಲ್ಟನ್ನಿನಲ್ಲಿ ಮಗ ರೊಟ್ಟಿ ಬಡಿಯುತ್ತಾನೆಂದೇ ಲಕ್ಷ್ಮವ್ವ ತಿಳಿದಿದ್ದಳು. ಅವನು ದೊಡ್ಡ ಬಟ್ಟೆಯ ಛತ್ರಿ ಕಟ್ಟಿಕೊಂಡು ವಿಮಾನದಿಂದ ಜಿಗಿಯುವವರ ತುಕಡಿಯಲ್ಲಿದ್ದಾನೆ, ಅದರಲ್ಲೂ ಎಲ್ಲರಿಗಿಂತ ಮೊದಲು ಹೋಗಿ ಇಳಿಯುವ ನೆಲ ನೋಡಿ ಗುರುತು ಹಾಕುವವನು ಎಂಬುದು ಆ ದಿನವೇ ಅವಳಿಗೂ ನಮಗೂ ಗೊತ್ತಾದದ್ದು.

ಕ್ಯಾಪ್ಟನ್ ಸಾಹೇಬರು ಹಿಂದೂಸ್ತಾನಿಯಲ್ಲಿ ಮಾವನವರಿಗೆ ವಿಷಯ ತಿಳಿಸಿದರು. ಅವರ ತುಕಡಿ ಬೇಸಿಗೆಯೊಳಗೆ ಬರ್ಮಾದ ಯುದ್ಧಕ್ಕೆ ಹೋಗಬೇಕು. ಹಿಂದಿನ ಸಲ ಬೇರೆ ಕಡೆ ಕಲ್ಲುನೆಲದ ಮೇಲೆ ಜಿಗಿಸಿದಾಗ ಬಹಳ ಜನರ ಕಾಲು ಮುರಿದವು. ಮೇಲಿನ ದೊಡ್ಡ ಸಾಹೇಬರಿಗೆ ಈ ಜನರ ಮೇಲೆ ನಂಬಿಕೆ ಹೋಗಿದೆ. ಅವರೆದುರು ಜಿಗಿದು ತೋರಿಸಲು ಇನ್ನೊಂದೇ ಅವಕಾಶ. ಅದೂ ಕೆಟ್ಟರೆ ತುಕಡಿ ಒಡೆದು, ಒಬ್ಬೊಬ್ಬರನ್ನು ಒಂದೊಂದು ಕಡೆ ಸಾಮಾನು ಹೊರಲು ಕಳಿಸುತ್ತಾರೆ.

"ಮಾಣಿಕ್ ಹೇಳಿದ, ನಮ್ಮೂರ ಕರಿನೆಲ ಕಡಲೆ ಕಿತ್ತ ಮೇಲೆ ಹಾಸಿಗೆಯ ಹಾಗೆ ಇರುತ್ತದೆ ಅಂತ. ನೋಡಿದೆ, ನಿಜ. ಆದರೆ ಬಾವಿಗಳು!" ಎಂದರು ಸಾಹೇಬರು.

ನಮ್ಮ ಹೊಲಗಳಲ್ಲಿ ಬಾವಿಗಳಿಗೆ ಲೆಕ್ಕವಿಲ್ಲ. ಕಟ್ಟೆ ಮೊಣಕಾಲೆತ್ತರ, ಕೆಲವಕ್ಕೆ ಅದೂ ಇಲ್ಲ. ಮೈತುಂಬ ಸಾಮಾನು ಕಟ್ಟಿಕೊಂಡು, ಛತ್ರಿಯ ಹಗ್ಗಗಳಲ್ಲಿ ಸಿಕ್ಕ ಸಿಪಾಯಿ ಬಾವಿಗೆ ಬಿದ್ದರೆ ಈಜು ಬಂದರೂ ಉಳಿಯಲಾರ.

ಮಾಣಿಕಪ್ಪ ಮನೆಯ ಕಟ್ಟೆ ಹತ್ತದೆ ಕೆಳಗೇ ನಿಂತಿದ್ದ. "ಪಾಟೀಲ್ರ, ಬಾವಿಗೆ ಇಬ್ಬಿಬ್ಬರು ಹಗ್ಗ ಹಿಡ್ಕೊಂಡು ನಿಂದರ್ಬೇಕ್ರಿ. ನಮ್ಮ ಸಿಪಾಯಿಗಳು ಸಾಲಾಂಗಿಲ್ಲ. ಊರ ಮಂದಿನೇ ಬೇಕು" ಎಂದ.

ಹಿರಿಯರು ಮುಖ ಮುಖ ನೋಡಿಕೊಂಡರು. ಗಂಡಸರು ಬಹಳ ಜನ ಕಬ್ಬಿನ ಗಾಣಕ್ಕೆ, ತಾಂಡೂರಿನ ಗಣಿಗೆ ಹೋಗಿದ್ದರು. ಆಗ ಬಾಗಿಲ ಮರೆಯಲ್ಲಿದ್ದ ಅತ್ತೆ ಸೆರಗು ಎಳೆದುಕೊಂಡು ಹೊರಗೇ ಬಂದರು.

"ಬಾವಿಗೆ ದಿನಾ ಹೋಗೋರು ಯಾರ್ರೀ? ನಾವು. ಯಾವ ಬಾವಿ ಎಲ್ಲದ, ನೀರು ಎಷ್ಟದ, ಮೆಟ್ಟಲ ಎಲ್ಲಿ ಮುರದದ, ನಮಗ ಗೊತ್ತದ. ಹೆಂಗಸರು ನಿಂದರ್ತೀವಿ" ಎಂದರು.

"ನಮ್ಮ ಓಣಿ ಹೆಂಗಸರು ಎಷ್ಟು ಬಾವಿಗೆ ಸಾಲ್ತಾರ?" ಎಂದರು ಮಾವನವರು.

"ಕೇರಿ ಹೆಂಗಸರೂ ಬರ್ತಾರ. ನಮ್ಮ ಹೊಲದಾಗ ಕಸಾ ತೆಗೆಯೋರು ಅವರೇ. ನನಗಿಂತ ಅವರಿಗೇ ಚೊಲೊ ಗೊತ್ತದ."

ಹಿರಿಯರೆಲ್ಲ ಮಾವನವರ ಕಡೆ ತಿರುಗಿದರು. ಕೇರಿಯವರು ಆಗ ನಮ್ಮ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಲಕ್ಷ್ಮವ್ವ ಕೊಡ ಕೆಳಗಿಟ್ಟು ದೂರ ಕೂಡುವಳು. ನಮ್ಮಲ್ಲಿ ಯಾರಾದರೂ ಮನಸ್ಸು ಮಾಡಿ ನೀರು ಸುರಿದಾಗ ಎತ್ತಿಕೊಂಡು ಹೋಗುವಳು. ನಾನೂ ಹಾಗೆ ಎಷ್ಟೋ ಸಲ ಸುರಿದಿದ್ದೆ. ತವರಲ್ಲೂ ಅದನ್ನೇ ನೋಡಿ ಬೆಳೆದ ನನಗೆ ಅದರಲ್ಲಿ ಏನೂ ಕಂಡಿರಲಿಲ್ಲ.

ಮಾವನವರು ಮೀಸೆ ಸವರಿ, "ಒಂದು ದಿನದ ಮಟ್ಟಿಗೆ. ಕಟ್ಟಿ ಮ್ಯಾಲ ನಿಂದರ್ಲಿ. ನೀರು ಮುಟ್ಟೋದು ಬ್ಯಾಡ" ಎಂದರು.

ಮಾಣಿಕಪ್ಪನ ಮುಖದಲ್ಲಿ ಏನು ಹಾದುಹೋಯಿತೋ, ಟೋಪಿಯ ಅಂಚಿನ ನೆರಳಲ್ಲಿ ಕಾಣಲಿಲ್ಲ. "ಆತ್ರಿ" ಎಂದಷ್ಟೇ ಹೇಳಿದ.

ಮರುದಿನದಿಂದ ನಮಗೆಲ್ಲ ತಾಲೀಮು. ನಮ್ಮ ಹೊಲದ ಬಾವಿಯ ಹತ್ತಿರ ಹೆಂಗಸರನ್ನೆಲ್ಲ ಕೂಡಿಸಿ ಮಾಣಿಕಪ್ಪ ದೂರದಲ್ಲಿ ನಿಂತು ಕಲಿಸುತ್ತಿದ್ದ. ಹೊಟ್ಟು ತುಂಬಿದ ಚೀಲಕ್ಕೆ ಹಗ್ಗಗಳನ್ನು ಸುತ್ತಿ ಬಾವಿಗೆ ಹಾಕಿಸುವನು; ಅದೇ ಸಿಪಾಯಿ. ಕೇರಿಯವಳು ಹಗ್ಗವನ್ನು ಬೇವಿನ ಮರಕ್ಕೆ ಸುತ್ತಿ ಹಿಡಿಯಬೇಕು, ನಮ್ಮ ಓಣಿಯವಳು ಜಿಗಿಯಬೇಕು.

"ಮುಳುಗೋ ಮನಷ್ಯಾನ ಮುಂದಿಂದ ಹೋಗಬ್ಯಾಡ್ರಿ, ಕುತ್ತಿಗಿಗೆ ಬೀಳ್ತಾನ. ಹಿಂದಿಂದ ಹೋಗ್ರಿ. ಗದ್ದ ಮ್ಯಾಲ ಎತ್ರಿ. ಆಮ್ಯಾಲ ಛತ್ರಿ ಹಗ್ಗ ಕೊಯ್ರಿ. ಛತ್ರಿ ನೀರು ಕುಡೀತಂದ್ರ ಎತ್ತಿನಂಗ ಕೆಳಗ ಜಗ್ತದ."

ಆಮೇಲೆ ಕಂಕುಳ ಕೆಳಗೆ ಹಾಕುವ ಜಾರದ ಗಂಟು. ನಮಗೆ ಅದು ಸುಲಭವಾಗಿ ಬಂತು. ಕರುವಿಗೆ ಕಣ್ಣಿ ಕಟ್ಟುವುದು ಹೆಚ್ಚುಕಡಿಮೆ ಹಾಗೆಯೇ. ನಾನು ತವರಿನ ದೊಡ್ಡ ಬಾವಿಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳು. ಮದುವೆಯಾದ ಮೇಲೆ ನೀರಿಗಿಳಿದಿರಲಿಲ್ಲ. ಅತ್ತೆ ನನ್ನನ್ನು ನೋಡಿ, "ನಿನಗ ಬರ್ತದಂತಲ್ಲ? ಕಚ್ಚಿ ಹಾಕ್ಕೊ, ಜಿಗಿ" ಎಂದಾಗ ಆದ ಖುಷಿ ಇಷ್ಟಷ್ಟಲ್ಲ. ಮೊದಲ ಚೀಲವನ್ನು ನಾನು ಮೇಲೆ ತಂದಾಗ ಕೇರಿಯ ಹೆಂಗಸರು ಸಿಳ್ಳೆಯನ್ನೇ ಹಾಕಿದರು. ಎರಡು ದಿನ ಕಳೆಯುವಷ್ಟರಲ್ಲಿ ಯಾರ ಜೋಡಿ ಬೇಗ ಎತ್ತುತ್ತದೆಂದು ಪಂದ್ಯವೇ ಶುರುವಾಯಿತು. ಕ್ಯಾಪ್ಟನ್ ಸಾಹೇಬರು ಜೀಪಿಗೆ ಒರಗಿ ನಿಂತು ನೋಡಿ, "ಮಾಣಿಕ್, ನನ್ನ ಸಿಪಾಯಿಗಳನ್ನ ಇಲ್ಲಿ ಬಿಟ್ಟು ಇವರನ್ನೇ ಬರ್ಮಾಕ್ಕೆ ಕರಕೊಂಡು ಹೋಗೋಣವೇ?" ಎಂದರು.

ನಮ್ಮ ಬಾವಿಗೆ ನನ್ನ ಜೋಡಿ ಲಕ್ಷ್ಮವ್ವ. ಬಡಕಲು ಮೈ, ಆದರೆ ಅವಳ ಹಿಡಿತ ಕಬ್ಬಿಣ. ಮಗ ಆಕಾಶದಿಂದ ಜಿಗಿಯುತ್ತಾನೆಂದು ತಿಳಿದ ಮೇಲೆ ಅವಳು ಎರಡು ದಿನ ಉಂಡಿರಲಿಲ್ಲವಂತೆ. "ಅವ ಜಿಗಿಯೋ ಊರಾಗೂ ಯಾರರೆ ಹಿಂಗ ಹಗ್ಗ ಹಿಡ್ಕೊಂಡು ನಿಂದರ್ತಾರೇನು, ಸಣ್ಣವ್ವಾ?" ಎಂದು ನನ್ನನ್ನು ಕೇಳಿದಳು. ನಾನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದೆ.

ಆ ದಿನ ಬಂತು. ಬೆಳಗಿನ ಬಿಸಿಲು ಹಿತವಾಗಿತ್ತು. ಪ್ರತಿ ಬಾವಿಯ ಪಕ್ಕದಲ್ಲಿ ಕೋಲು ನೆಟ್ಟು ಹಳೆಯ ಕೆಂಪು ಸೀರೆ ಕಟ್ಟಿದ್ದೆವು. ಮೇಲಿಂದ ನೋಡಿದ ಸಿಪಾಯಿ ಹಗ್ಗ ಎಳೆದು ಆ ಕಡೆಯಿಂದ ತಪ್ಪಿಸಿಕೊಳ್ಳಲಿ ಎಂದು. ಬಿಳಿಯ ದೊಡ್ಡ ಸಾಹೇಬರೊಬ್ಬರು ಬಂದು ದಿನ್ನೆಯ ಮೇಲೆ ಕುರ್ಚಿ ಹಾಕಿಸಿ ಕೂತರು. ಹೊಲದ ನಡುವೆ ಮಾಣಿಕಪ್ಪ. ಅವನು ಹಸಿರು ಹೊಗೆ ಬಿಟ್ಟರೆ ಜಿಗಿಯಬೇಕು, ಕೆಂಪು ಹೊಗೆ ಬಿಟ್ಟರೆ ವಾಪಸು ಹೋಗಬೇಕು.

ಬೀದರದ ಕಡೆಯಿಂದ ಮೂರು ವಿಮಾನ ಬಂದವು. ಹಸಿರು ಹೊಗೆ ಎದ್ದಿತು. ಮೊದಲ ವಿಮಾನದ ಹೊಟ್ಟೆಯಿಂದ ಕಪ್ಪು ಚುಕ್ಕೆಗಳು ಉದುರಿದವು. ಚುಕ್ಕೆಗಳು ಒಂದೊಂದಾಗಿ ಪಟ್ಟೆಂದು ಅರಳಿದವು. ಬಿಳಿ ಛತ್ರಿಗಳು, ಆಕಾಶದ ತುಂಬ, ಸದ್ದಿಲ್ಲದೆ. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಗ ಗಾಳಿ ತಿರುಗಿತು. ಪಡುವಣದಿಂದ ಒಮ್ಮೆಲೇ ಬೀಸಿ, ಹೊಲದ ಹೊಟ್ಟು ಎದ್ದು ನಮ್ಮ ಕಣ್ಣಿಗೆ ಬಿತ್ತು. ಛತ್ರಿಗಳೆಲ್ಲ ಗುರುತು ಹಾಕಿದ ಜಾಗ ದಾಟಿ ಮೂಡಣಕ್ಕೆ, ನಮ್ಮ ಬಾವಿಗಳ ಕಡೆಗೇ ತೇಲತೊಡಗಿದವು. "ಸರೀರೋ! ಸರೀರೋ!" ಎಂದು ಹೆಂಗಸರು ಸೆರಗು ಬೀಸಿ ಕೂಗಿದರು. ಒಬ್ಬ ಕಟ್ಟೆಗೆ ಕಾಲು ತಾಗಿಸಿ ಆಚೆ ಉರುಳಿದ. ಇನ್ನೊಬ್ಬ ಬೇವಿನ ಮರಕ್ಕೆ ಸಿಕ್ಕ. ಮೂರನೆಯವನು ನನ್ನ ತಲೆಯ ಮೇಲಿಂದ ಹಾದು ನೇರ ನಮ್ಮ ಬಾವಿಯೊಳಗೆ ಹೋದ. ದೊಡ್ಡ ಸದ್ದು. ಅವನ ಹಿಂದೆ ಛತ್ರಿ ಬಾವಿಯ ಬಾಯಿಯನ್ನೇ ಮುಚ್ಚಿತು.

ಕುಡಗೋಲು ಸೊಂಟದಲ್ಲಿತ್ತು. ನಾನು ಛತ್ರಿಯ ಅಂಚು ಸರಿಸಿ ಜಿಗಿದೆ. ಒಳಗೆ ಬೆಳ್ಳಗಿನ ಮಬ್ಬು, ಮೈಯೆಲ್ಲ ಹಗ್ಗ. ಕೈಗೆ ಏನೂ ಸಿಗಲಿಲ್ಲ. ಎರಡನೆಯ ಸಲ ಮುಳುಗಿದಾಗ ತಲೆಗೂದಲು ಸಿಕ್ಕಿತು. ಹಿಂದಿನಿಂದ ಹೋಗಿ ಗದ್ದ ಎತ್ತಿದೆ. ಅವನು ಕೊಸರಿದ, ಕೆಮ್ಮಿದ, ಜೀವ ಇತ್ತು. ಆದರೆ ಛತ್ರಿ ನೀರು ಕುಡಿದು ನಮ್ಮಿಬ್ಬರನ್ನೂ ಕೆಳಗೆ ಜಗ್ಗುತ್ತಿತ್ತು. ಒಂದು ಕೈಯಿಂದ ಅವನನ್ನು ಹಿಡಿದು, ಇನ್ನೊಂದು ಕೈಯಿಂದ ಹಗ್ಗಗಳನ್ನು ಕೊಯ್ಯತೊಡಗಿದೆ. ಕೊಯ್ದಷ್ಟೂ ಇದ್ದವು. ನೀರು ನನ್ನ ಬಾಯಿಗೂ ಬಂತು. ಮುಗಿಯಿತು ಅಂದುಕೊಂಡೆ.

ಮೇಲಿಂದ ಲಕ್ಷ್ಮವ್ವನ ದನಿ ಬಂತು. "ಬಿಡಬ್ಯಾಡ ಮಗಳ! ಹಗ್ಗ ಬಂತು, ಹಿಡಿ!"

ಹಿಡಿದೆ. ಅವನ ಕಂಕುಳಿಗೆ ಗಂಟು ಹಾಕಲು ಕೈ ಏಳಲಿಲ್ಲ. ಅಷ್ಟರಲ್ಲಿ ಹಗ್ಗದ ಮೇಲಿಂದ ಯಾರೋ ಸರ್ರನೆ ಜಾರಿ ನೀರಿಗೆ ಬಿದ್ದರು. ಮಾಣಿಕಪ್ಪ. ಉಳಿದ ಹಗ್ಗಗಳನ್ನು ಅವನು ಕೊಯ್ದ, ಇಬ್ಬರೂ ಕೂಡಿ ಗಂಟು ಹಾಕಿದೆವು. "ಎಳಿರಿ!" ಎಂದು ಅವನು ಕೂಗಿದ್ದಕ್ಕೆ ಬಾವಿಯೇ ನಡುಗಿತು.

ನಾನು ಮೆಟ್ಟಿಲು ಹಿಡಿದು ಮೇಲೆ ಬಂದಾಗ ಕಂಡದ್ದು: ಹಗ್ಗದ ಮುಂದೆ ಲಕ್ಷ್ಮವ್ವ, ಅವಳ ಹಿಂದೆ ನನ್ನ ಮಾವನವರು, ಅವರ ಹಿಂದೆ ಅತ್ತೆ, ಕೇರಿಯ ಇಬ್ಬರು ಹೆಂಗಸರು, ಕಟ್ಟೆಯ ಮೇಲೆ ಕೂಡುವ ಹಿರಿಯರೊಬ್ಬರು. ಎಲ್ಲರ ಕೈಯೂ ಒಂದೇ ಹಗ್ಗದ ಮೇಲೆ. ಮಾವನವರ ತಲೆಯ ಪಟಗ ಬಿಚ್ಚಿ ನೆಲಕ್ಕೆ ಬಿದ್ದಿತ್ತು. ಸಿಪಾಯಿಯನ್ನು ಮೇಲೆ ಎಳೆದುಹಾಕಿ ಬೋರಲು ಮಲಗಿಸಿ ಬೆನ್ನು ಒತ್ತಿದರು. ಅವನು ನೀರು ಕಾರಿ, ಕಣ್ಣು ಬಿಟ್ಟು, ಮರಾಠಿಯಲ್ಲಿ "ಆಯೀ" ಎಂದ. ಅತ್ತೆ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಕ್ಯಾಪ್ಟನ್ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಮುಖ ಬಿಳಿಚಿಕೊಂಡಿತ್ತು. ಉಳಿದೆರಡು ವಿಮಾನ ತಲೆಯ ಮೇಲೆ ಸುತ್ತುತ್ತಿದ್ದವು. "ಸಾಕು, ಮಾಣಿಕ್. ಕೆಂಪು ಹೊಗೆ ಬಿಡು" ಎಂದರು.

ಕೆಂಪು ಹೊಗೆ ಎದ್ದರೆ ಅವರ ತುಕಡಿ ಅಲ್ಲಿಗೇ ಮುಗಿಯಿತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾಣಿಕಪ್ಪನ ಮೈಯಿಂದ ನೀರು ಇಳಿಯುತ್ತಿತ್ತು. ಅವನು ಬಗ್ಗಿ ಒಂದು ಹಿಡಿ ಹೊಟ್ಟು ಎತ್ತಿ ತೂರಿದ. ಅದು ಮೂಡಣಕ್ಕೆ ಹಾರಿತು. ಇನ್ನೊಂದು ಹಿಡಿ ತೂರಿದ. ಅದೂ ಅಲ್ಲಿಗೇ. "ಸಾಹೇಬ್, ಗಾಳಿ ಈಗ ಒಂದೇ ಕಡೆ ಬೀಸ್ತಾ ಇದೆ, ಇನ್ನು ತಿರುಗೋದಿಲ್ಲ. ಹೊಗೆಯನ್ನ ಪಡುವಣದ ಬದುವಿಗೆ ಒಯ್ತೀನಿ. ಅಲ್ಲಿ ಜಿಗಿದರೆ ನಡುಹೊಲಕ್ಕೆ ಬೀಳ್ತಾರೆ" ಎಂದು ಹಿಂದೂಸ್ತಾನಿಯಲ್ಲಿ ಹೇಳಿದ.

"ಒಬ್ಬ ಬಾವಿಗೆ ಬಿದ್ದರೂ ಜವಾಬ್ದಾರಿ ಯಾರದು?"

"ನನ್ನದು, ಸಾಹೇಬ್."

ಸಾಹೇಬರು ತಲೆಯೆತ್ತಿ ವಿಮಾನಗಳನ್ನು ನೋಡಿದರು. ಅತ್ತೆಗೆ ಹಿಂದೂಸ್ತಾನಿ ಚೆನ್ನಾಗಿಯೇ ತಿಳಿಯುತ್ತಿತ್ತು. ಸಿಪಾಯಿಯ ತಲೆಯನ್ನು ಮೆಲ್ಲಗೆ ಮಾವನವರ ಕೈಗೆ ಕೊಟ್ಟು ಎದ್ದರು. "ಮಾಣಿಕಾ, ಸಾಹೇಬ್ರಿಗೆ ಹೇಳು. ಬಿದ್ದಾನ, ಎತ್ತೀವಿ. ಇನ್ನೊಬ್ಬ ಬಿದ್ರೂ ಎತ್ತತೀವಿ. ಇಳಿಸ್ರಿ ಅಂತ ಹೇಳು" ಎಂದರು. ಆಮೇಲೆ ಉತ್ತರಕ್ಕೂ ಕಾಯದೆ ಹೊಲದ ಕಡೆ ತಿರುಗಿ, "ಏ, ಎಲ್ಲಾರೂ ನಿಮ್ಮ ನಿಮ್ಮ ಬಾವಿಗೆ ನಡೀರೇ!" ಎಂದು ಕೂಗಿದರು. ಆ ಕೂಗಿಗೆ ಹೆಂಗಸರು ಓಡಿದ ಪರಿ! ನಾನೂ ಒದ್ದೆ ಸೀರೆ ಹಿಂಡಿಕೊಂಡು ಕಟ್ಟೆ ಹತ್ತಿದೆ. ಲಕ್ಷ್ಮವ್ವ ಹಗ್ಗ ಸುತ್ತಿ ನಿಂತಳು. ಅವಳ ಅಂಗೈ ಸುಲಿದು ರಕ್ತ ಬರುತ್ತಿತ್ತು. ನೋಡಿಕೊಳ್ಳಲೂ ಇಲ್ಲ.

ಸಾಹೇಬರು ದಿನ್ನೆಯ ಕಡೆಗೊಮ್ಮೆ, ನಮ್ಮ ಕಡೆಗೊಮ್ಮೆ ನೋಡಿದರು. "ಹಸಿರು" ಎಂದರು.

ಮಾಣಿಕಪ್ಪ ಜೀಪು ಹತ್ತಿ ಪಡುವಣದ ಬದುವಿಗೆ ಹೋದ. ಅಲ್ಲಿಂದ ಹಸಿರು ಹೊಗೆ ಎದ್ದು ಗಾಳಿಗೆ ಬಾಗಿತು. ಎರಡನೆಯ ವಿಮಾನ ಬಂತು. ಬಿಳಿ ಛತ್ರಿಗಳು ಅರಳಿ, ಗಾಳಿಗೆ ಜಾರಿ, ಮಾಣಿಕಪ್ಪ ಹೇಳಿದ ಹಾಗೆಯೇ ನಡುಹೊಲಕ್ಕೆ ಬಂದು ಇಳಿದವು. ಸಿಪಾಯಿಗಳು ಕರಿಮಣ್ಣಿನಲ್ಲಿ ಉರುಳಿ ಎದ್ದು ನಿಂತರು. ಮೂರನೆಯದು ಬಂತು. ಅವರೂ ಇಳಿದರು. ಒಬ್ಬನ ಕಾಲೂ ಮುರಿಯಲಿಲ್ಲ. ಬಾವಿಯ ಹತ್ತಿರ ಒಬ್ಬನೂ ಸುಳಿಯಲಿಲ್ಲ. ಕೊನೆಯವನ ಕಾಲು ನೆಲಕ್ಕೆ ಮುಟ್ಟಿದ್ದೇ ತಡ, ಹೊಲದ ಅಂಚಿನಿಂದ ಅಂಚಿಗೆ ಹೆಂಗಸರ ಕೇಕೆ ಎದ್ದಿತು. ನಾನು ಕಟ್ಟೆಯ ಮೇಲೆ ಕುಣಿದೆ. ಪಾಟೀಲರ ಸೊಸೆ, ಹಗಲು ಹೊತ್ತು, ಒದ್ದೆ ಸೀರೆಯಲ್ಲಿ! ಲಕ್ಷ್ಮವ್ವ ನನ್ನ ಸೊಂಟ ಹಿಡಿದು ತಾನೂ ಕುಣಿದಳು. ಬಿಳಿ ದೊಡ್ಡ ಸಾಹೇಬರು ಕುರ್ಚಿಯಿಂದ ಎದ್ದು ಹೊಲಕ್ಕೆ ಇಳಿದು ಬಂದು ಮಾಣಿಕಪ್ಪನ ಕೈ ಕುಲುಕಿದರು. ತುಕಡಿ ಉಳಿಯಿತು.

ಮಧ್ಯಾಹ್ನ ಆ ಸಿಪಾಯಿಗಳೆಲ್ಲ ನಮ್ಮ ಹೊಲದಲ್ಲೇ ಉಂಡರು. ಜೋಳದ ರೊಟ್ಟಿ, ಪುಂಡಿಪಲ್ಯ, ಖಾರದ ಹಿಂಡಿ. ಮನೆ ಮನೆಯಿಂದ ಬುಟ್ಟಿ ಬಂದವು. ಹೆಂಗಸರೆಲ್ಲ ಛತ್ರಿಯ ಬಟ್ಟೆ ಮುಟ್ಟಿ ಮುಟ್ಟಿ ನೋಡಿ, ಕುಪ್ಪಸಕ್ಕೊಂದು ತುಂಡು ಕೇಳಿದರು. ಕ್ಯಾಪ್ಟನ್ ಸಾಹೇಬರು ಕೈಮುಗಿದು, ಸರಕಾರದ ಮಾಲು ತಾಯಂದಿರೇ ಎಂದು ಎಲ್ಲವನ್ನೂ ಸುತ್ತಿಸಿಕೊಂಡು ಹೋದರು.

ಮರುದಿನ ಬೆಳಗ್ಗೆ ಊರಿನ ಕೆಲವರು ಮಾವನವರ ಹತ್ತಿರ ಬಂದರು. ಮಾಣಿಕ ಬಾವಿಯ ನೀರಿಗೆ ಇಳಿದಿದ್ದಾನೆ, ಶುದ್ಧ ಮಾಡಿಸಬೇಕಲ್ಲ ಎಂದು ಅವರ ಮಾತು. ನಾನು ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

ಮಾವನವರು ಹೆಚ್ಚು ಮಾತಿನವರಲ್ಲ. "ಅವ ಇಳೀಲಿಲ್ಲಂದ್ರ ನನ್ನ ಸೊಸಿ ಹೆಣ ಎತ್ತಬೇಕಾಗ್ತಿತ್ತು. ಇನ್ನ ಆ ಬಾವಿಗೆ ಏನು ಶುದ್ಧ ಮಾಡಿಸ್ತೀರಿ? ಕಟ್ಟಿ ಎಲ್ಲಾರ್ದೂ. ನೀರೂ ಎಲ್ಲಾರ್ದೂ. ಬ್ಯಾಡಾದೋರು ಬ್ಯಾರೆ ಬಾವಿ ತೋಡಿಸ್ಕೋಬೇಕು" ಎಂದರು.

ಕೆಲವರು ಮುಖ ತಿರುಗಿಸಿಕೊಂಡು ಹೋದರು. ಆ ಮನೆಗಳವರು ಬಹಳ ದಿನ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಅದೇ ಬೆಳಗ್ಗೆ, ಮಾವನವರ ಮಾತು ಕೇರಿಗೆ ಮುಟ್ಟಿದ ಮೇಲೆ, ನಾನು ಬಾವಿಯ ಹತ್ತಿರ ಇರುವಾಗಲೇ ಲಕ್ಷ್ಮವ್ವ ಅಂಗೈಗೆ ಬಟ್ಟೆ ಸುತ್ತಿಕೊಂಡು ಕೊಡ ಹಿಡಿದು ಬಂದಳು. ಕಟ್ಟೆಯ ಕೆಳಗೆ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತಳು. ಆಮೇಲೆ ಹತ್ತಿದಳು. ತಾನೇ ಸೇದಿ, ತಾನೇ ತುಂಬಿಕೊಂಡು, ಸೊಂಟಕ್ಕೇರಿಸಿ, ತಿರುಗಿ ನೋಡದೆ ನಡೆದಳು.

ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ಹೊತ್ತಿಗೆ ಅವರು ಬರ್ಮಾದಲ್ಲಿ ಜಿಗಿದರೆಂಬ ಸುದ್ದಿ ಬಂತು. ಆಮೇಲೆ ಯಾವ ಸುದ್ದಿಯೂ ಇಲ್ಲ. ಜೋಳ ಬಿತ್ತಿದೆವು, ಕಳೆ ತೆಗೆದೆವು. ಅತ್ತೆ ದಿನಾ ಸಂಜೆ ಕೇರಿಯವರೆಗೆ ಹೋಗಿ ಲಕ್ಷ್ಮವ್ವನ ಹತ್ತಿರ ಕೂತು ಬರುತ್ತಿದ್ದರು. ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ.

ದೀಪಾವಳಿಯ ಹಿಂದುಮುಂದು ಮಾಣಿಕಪ್ಪ ಜಹೀರಾಬಾದಿನ ರೈಲು ನಿಲ್ದಾಣದಿಂದ ನಡೆದೇ ಬಂದ. ಹುಬ್ಬಿನ ಮೇಲೆ ಒಂದು ಗಾಯದ ಕಲೆ ಬಿಟ್ಟರೆ ಹೋದಾಗ ಹೇಗಿದ್ದನೋ ಹಾಗೆಯೇ. ತಾಯಿಯನ್ನು ಕಂಡು, ಅವಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂಡಿಸಿದರು. ಅವನು ಹೇಳಿದ: ಜಿಗಿದ ಜಾಗದಲ್ಲಿ ಮಳೆ ಸುರಿದು, ಬಾಂಬು ಬಿದ್ದು ಆದ ಗುಂಡಿಗಳೆಲ್ಲ ಬಾವಿಯ ಹಾಗೆ ತುಂಬಿದ್ದವಂತೆ. ಇವನು ಮೊದಲು ಇಳಿದವರಲ್ಲಿ ಒಬ್ಬ. ಇಳಿದ ಕೂಡಲೇ ಗುಂಡಿಗೆ ಇಬ್ಬಿಬ್ಬರನ್ನು ಹಗ್ಗ ಕೊಟ್ಟು ನಿಲ್ಲಿಸಿದನಂತೆ. ಮೇಲಿಂದ ಬಿದ್ದವರನ್ನು ಬಿದ್ದ ಹಾಗೆ ಎತ್ತಿ, ಎಲ್ಲರೂ ಕೂಡಿ ಮುಂದೆ ಹೋಗಿ ಜಪಾನಿನವರ ತೋಪಿನ ಮೋರ್ಚಾ ಹಿಡಿದರಂತೆ.

ಅತ್ತೆ ಇದನ್ನೆಲ್ಲ ಕೇಳಿ, ಬಹಳ ಹೊತ್ತಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಒಂದೇ ಪ್ರಶ್ನೆ ಕೇಳಿದರು. "ನೀರಿಗೆ ಬಿದ್ದೋರು ಎಷ್ಟು ಮಂದಿ ಉಳಿದ್ರು, ಮಾಣಿಕಾ?"

"ಎಲ್ಲಾರೂ, ಅವ್ವಾರ" ಎಂದ ಅವನು. "ಒಬ್ಬನ್ನೂ ಬಿಡಲಿಲ್ರಿ."

ಅತ್ತೆ ಎದ್ದು ಅಂಗಳಕ್ಕೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ಓಣಿಗೂ ಕೇರಿಗೂ ಕೇಳುವ ಹಾಗೆ ಕೂಗಿದರು. "ಕೇಳಿದ್ರೇನೇ? ಎಲ್ಲಾರೂ ಉಳದಾರಂತ!"